ಮನೆಗೆ ಕರೆಂಟ್ ಬ್ಯಾಕಪ್: ಪೋರ್ಟಬಲ್ ಪವರ್ ಸ್ಟೇಷನ್ ತರಬೇಕೋ, ಇನ್ವರ್ಟರೇ ಸಾಕೋ?

ಪತ್ರಿಕೆಯ ಒಳಪುಟದಲ್ಲಿ ‘ಇಂದು ವಿದ್ಯುತ್ ವ್ಯತ್ಯಯ’ ಅಂತ ಬರುತ್ತದಲ್ಲ, ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ, ಕೆಳಗೆ ಬಡಾವಣೆಗಳ ಉದ್ದನೆಯ ಪಟ್ಟಿ. ಬ್ಯಾಕಪ್ ಕೊಳ್ಳುವವರು ಲೆಕ್ಕ ಶುರು ಮಾಡಬೇಕಾದದ್ದು ಅಲ್ಲಿಂದ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿರಲಿ, ಚಿತ್ರದುರ್ಗದ ಜೆಸಿಆರ್ ಬಡಾವಣೆಯಲ್ಲಿರಲಿ, ಕರೆಂಟ್ ಹೋಗುವುದು ಮೂರು ನಾಲ್ಕು ಬಗೆಯಲ್ಲಿ. ಬೆಸ್ಕಾಂ ಮೊದಲೇ ಹೇಳಿ ತೆಗೆಯುವ 7 ಗಂಟೆಯ ನಿರ್ವಹಣೆ ಒಂದು. ಬೇಸಿಗೆಯಲ್ಲಿ ಲೋಡ್ ಜಾಸ್ತಿಯಾಗಿ ಟಿಸಿ (ಟ್ರಾನ್ಸ್‌ಫಾರ್ಮರ್) ಕೈಕೊಟ್ಟು ಬಂದು ಹೋಗಿ ಮಾಡುವುದು ಇನ್ನೊಂದು. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಕೊಂಬೆ ಬಿದ್ದು ರಾತ್ರಿಯಿಡೀ ಹೋಗುವುದು ಮತ್ತೊಂದು. ಉಳಿದದ್ದು ಅರ್ಧ ನಿಮಿಷದ ಟ್ರಿಪ್. ಮನೆಮಂದಿಗೆ ಅದು ಗೊತ್ತೂ ಆಗುವುದಿಲ್ಲ, ಕಂಪ್ಯೂಟರ್ ಮಾತ್ರ ಆಫ್ ಆಗಿರುತ್ತದೆ. ಇವು ನಾಲ್ಕಕ್ಕೂ ಒಂದೇ ಯಂತ್ರ ಹೊಂದುವುದಿಲ್ಲ, ಬ್ಯಾಟರಿ, ಚಾರ್ಜರ್, ಇನ್ವರ್ಟರ್ ಮೂರನ್ನೂ ಒಂದೇ ಡಬ್ಬದಲ್ಲಿಟ್ಟು ಎತ್ತಿಕೊಂಡು ಓಡಾಡುವಂತೆ ಮಾಡಿದ ಪೋರ್ಟಬಲ್ ಪವರ್ ಸ್ಟೇಷನ್ ಕೂಡ. ನಿಮ್ಮ ಮನೆಗೆ ಹೆಚ್ಚು ಕಾಡುವುದು ಯಾವುದು ಅನ್ನುವುದು ಗೊತ್ತಿದ್ದರೆ ಅರ್ಧ ಆಯ್ಕೆ ಮುಗಿದಂತೆ.

ಮೊದಲು ಲೋಡ್, ಆಮೇಲೆ ಅಂಗಡಿ

ಸಾಧಾರಣ ಸೀಲಿಂಗ್ ಫ್ಯಾನ್ ಫುಲ್ ಸ್ಪೀಡಿನಲ್ಲಿ 70ರಿಂದ 80 ವ್ಯಾಟ್ ತಿನ್ನುತ್ತದೆ. ಬಿಎಲ್‌ಡಿಸಿ ಫ್ಯಾನ್, ಅಂದರೆ ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟರಿನದು, ಅದೇ ಗಾಳಿಗೆ 28ರಿಂದ 35. ಎಲ್‌ಇಡಿ ಬಲ್ಬ್ 9, ಫೈಬರ್ ಡಬ್ಬ ಮತ್ತು ರೌಟರ್ ಸೇರಿ 12 ಆಸುಪಾಸು, 43 ಇಂಚಿನ ಟಿವಿ 70ರ ಹತ್ತಿರ, ಆರ್‌ಒ ನೀರಿನ ಫಿಲ್ಟರ್ 40ರಿಂದ 60, ಲ್ಯಾಪ್‌ಟಾಪ್ 45ರಿಂದ 65.

ಇನ್ನು 7 ಗಂಟೆಯ ವ್ಯತ್ಯಯಕ್ಕೆ ಕೂಡಿಸಿ. ಎರಡು ಸಾಧಾರಣ ಫ್ಯಾನ್ ಪೂರ್ತಿ ಹೊತ್ತು ತಿರುಗಿದರೆ 1050 ವ್ಯಾಟ್-ಅವರ್ (ವ್ಯಾಟನ್ನು ಗಂಟೆಯಿಂದ ಗುಣಿಸಿದ್ದು), ರೌಟರ್ 84, ಟಿವಿ 3 ಗಂಟೆ ಅಂದರೆ 210. ಒಟ್ಟು 1344. ಅದೇ ಎರಡು ಫ್ಯಾನ್ ಬಿಎಲ್‌ಡಿಸಿ ಆದರೆ 420, ಒಟ್ಟು 714. ಹೆಚ್ಚುಕಮ್ಮಿ ಅರ್ಧಕ್ಕರ್ಧ ಇಳಿಯಿತು. ‘ಒಂದು ಕಿಲೋವ್ಯಾಟ್-ಅವರ್ (ಸಾವಿರ ವ್ಯಾಟ್-ಅವರ್) ಸ್ಟೇಷನ್ ಸಾಲುತ್ತಾ, ಎರಡರದು ಬೇಕಾ’ ಅಂತ ಕೇಳುವವರಿಗೆ ನಮ್ಮ ಮೊದಲ ಉತ್ತರ ಇದೇ: ದೊಡ್ಡ ಬ್ಯಾಟರಿಗೆ ಕೊಡುವ ಹೆಚ್ಚುವರಿ ದುಡ್ಡಿನ ಒಂದು ಪಾಲನ್ನು ಫ್ಯಾನಿಗೆ ಹಾಕಿ. ಬಿಎಲ್‌ಡಿಸಿ ಹಾಕಿದ ಕಡೆ ಗೋಡೆಯ ಹಳೆಯ ರೆಗ್ಯುಲೇಟರ್ ತೆಗೆಸಿ ನೇರ ಸ್ವಿಚ್ ಕೊಡಿಸಬೇಕು. ಇಲ್ಲದಿದ್ದರೆ ಫ್ಯಾನಿನ ಒಳಗಿನ ಸರ್ಕ್ಯೂಟ್ ಬೇಗ ಹೋಗುತ್ತದೆ.

ಫ್ರಿಜ್ ವಿಷಯದಲ್ಲಿ ಜನ ಉಲ್ಟಾ ಹೆದರುತ್ತಾರೆ. 190 ಲೀಟರಿನ ಒಂದು ಬಾಗಿಲಿನ ಫ್ರಿಜ್ ತಿನ್ನುವ ಒಟ್ಟು ಕರೆಂಟ್ ಕಡಿಮೆ, 7 ಗಂಟೆಗೆ 150ರಿಂದ 200 ವ್ಯಾಟ್-ಅವರ್ ಅಷ್ಟೇ. ಕಷ್ಟ ಇರುವುದು ಅದರ ಶುರುವಾತಿನಲ್ಲಿ. ಹಳೆಯ ಮಾದರಿಯ ಕಂಪ್ರೆಸರ್ ಎದ್ದೇಳುವಾಗ ಕ್ಷಣಕಾಲ ತನ್ನ ಓಡುವ ಲೋಡಿನ 5ರಿಂದ 8 ಪಟ್ಟು ಎಳೆಯುತ್ತದೆ. 100 ವ್ಯಾಟಿನ ಫ್ರಿಜ್‌ಗೆ 600 ವ್ಯಾಟಿನ ಸ್ಟೇಷನ್ ಧಾರಾಳ ಸಾಕು ಅಂತ ಕಾಣುತ್ತದೆ, ಕಂಪ್ರೆಸರ್ ಕ್ಲಿಕ್ ಅಂದ ತಕ್ಷಣ ಟ್ರಿಪ್ ಆಗಿ ಕೂರುತ್ತದೆ. ಇನ್ವರ್ಟರ್ ಕಂಪ್ರೆಸರ್ ಇರುವ ಹೊಸ ಫ್ರಿಜ್ ನಿಧಾನವಾಗಿ ಏಳುವುದರಿಂದ ಈ ತಂಟೆ ಇಲ್ಲ. ಅಷ್ಟಕ್ಕೂ 4 ಗಂಟೆಯೊಳಗಿನ ವ್ಯತ್ಯಯಕ್ಕೆ ಫ್ರಿಜ್‌ಗೆ ಬ್ಯಾಕಪ್ಪೇ ಬೇಡ. ಬಾಗಿಲು ತೆಗೆಯದಿದ್ದರೆ ತಂಪು ಉಳಿಯುತ್ತದೆ.

ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಎತ್ತುವ ಅರ್ಧ ಎಚ್‌ಪಿ ಮೋಟರ್ ಓಡುವಾಗ 550ರಿಂದ 600 ವ್ಯಾಟ್, ಏಳುವಾಗ 3000ದ ಹತ್ತಿರ. ಅದನ್ನು ಪಟ್ಟಿಯಿಂದಲೇ ತೆಗೆದುಬಿಡಿ. ವ್ಯತ್ಯಯದ ದಿನ 10 ಗಂಟೆಯೊಳಗೆ ಟ್ಯಾಂಕ್ ತುಂಬಿಸಿಕೊಂಡರೆ ಸಾವಿರಾರು ರೂಪಾಯಿ ಉಳಿಯಿತು. ಇಂಡಕ್ಷನ್ ಒಲೆ, ಗೀಸರ್, ಇಸ್ತ್ರಿಪೆಟ್ಟಿಗೆಗೂ ಇದೇ ಮಾತು.

ಡಬ್ಬದ ಮೇಲಿನ ಅಂಕಿ ಓದುವುದು ಹೇಗೆ

ವ್ಯಾಟ್ ಅಂದರೆ ಒಂದೇ ಸಲಕ್ಕೆ ಎಷ್ಟು ಲೋಡ್ ಎಳೆಯುತ್ತದೆ ಅನ್ನುವುದು. ವ್ಯಾಟ್-ಅವರ್ ಅಂದರೆ ಆ ಲೋಡನ್ನು ಎಷ್ಟು ಹೊತ್ತು ಎಳೆಯುತ್ತದೆ ಅನ್ನುವುದು. ಡಬ್ಬದ ಮುಂದೆ ದಪ್ಪಕ್ಷರದಲ್ಲಿ ಇರುವುದು ಸಾಮಾನ್ಯವಾಗಿ ಮೊದಲನೆಯದು, ಅದೂ ಕೆಲವು ಸಲ ‘ಪೀಕ್’ ಲೆಕ್ಕ. ನೀವು ಹುಡುಕಬೇಕಾದದ್ದು ಹಿಂದೆ ಸಣ್ಣಕ್ಷರದಲ್ಲಿರುವ ಎರಡನೆಯದು.

ಕೆಲವರು ಮೂರು ಲಕ್ಷ ಎಂಎಎಚ್ (ಮಿಲಿಆಂಪಿಯರ್-ಅವರ್) ಅಂತ ಬರೆದು ಗಾಬರಿ ಹುಟ್ಟಿಸುತ್ತಾರೆ. ಅದು ಒಳಗಿನ ಸೆಲ್‌ನ ವೋಲ್ಟೇಜಿನಲ್ಲಿ ಹೇಳಿದ ಲೆಕ್ಕ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಆದರೆ 3.2ರಿಂದ ಗುಣಿಸಿ ಸಾವಿರದಿಂದ ಭಾಗಿಸಿ: 960 ವ್ಯಾಟ್-ಅವರ್. ಇದನ್ನು ಅಂಗಡಿಯ 150 ಎಎಚ್ (ಆಂಪಿಯರ್-ಅವರ್) ಇನ್ವರ್ಟರ್ ಬ್ಯಾಟರಿಯ ಜತೆ ನೇರ ಹೋಲಿಸಿದರೆ ಮೋಸ ಹೋಗುತ್ತೀರಿ. ಆ ಬ್ಯಾಟರಿ 12 ವೋಲ್ಟಿನದು, 150ನ್ನು 12ರಿಂದ ಗುಣಿಸಿದರೆ 1800 ವ್ಯಾಟ್-ಅವರ್. ಆದರೆ ಅದೂ ಪೂರ್ತಿ ಕೈಗೆ ಸಿಗುವುದಿಲ್ಲ. ಇನ್ವರ್ಟರಿನ ನಷ್ಟ, ಲೋ ಬ್ಯಾಟರಿ ಕಟ್‌ಆಫ್ ಎಲ್ಲ ಕಳೆದು, ಹೊಸದಿರುವಾಗ 200 ವ್ಯಾಟಿನ ಲೋಡಿಗೆ 1200, ಹೆಚ್ಚೆಂದರೆ 1300.

ರಸಾಯನ ನೋಡಿ. ಲಿಥಿಯಂ ಐರನ್ ಫಾಸ್ಫೇಟ್ ಅಂತ ಸ್ಪಷ್ಟವಾಗಿ ಬರೆದಿರಬೇಕು. ನಮ್ಮ ಬಿಸಿಲಿಗೆ ಅದೇ ಸರಿ. ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಸೆಲ್‌ನವು ಹಗುರ ನಿಜ, ಆದರೆ ಬೇಗ ಬಿಸಿಯೇರುತ್ತವೆ, ಆಯುಷ್ಯವೂ ಕಡಿಮೆ. ಸೈಕಲ್ (ಒಂದು ಸಲ ತುಂಬಿ ಖಾಲಿಯಾಗುವುದು) ಸಂಖ್ಯೆಗೆ ಮಾತ್ರ ಮರುಳಾಗಬೇಡಿ. ವರ್ಷಕ್ಕೆ 100 ಸಲ ಖಾಲಿ ಮಾಡುವ ಮನೆಗೆ 3000 ಸೈಕಲ್ ಅಂದರೆ 30 ವರ್ಷ. ಅಷ್ಟು ವರ್ಷ ಒಳಗಿನ ಬೋರ್ಡೂ ಫ್ಯಾನೂ ಉಳಿಯುವುದಿಲ್ಲ. 6000 ಸೈಕಲ್ ಅಂತ ಹೇಳಿ ಹೆಚ್ಚು ಬೆಲೆ ಕೇಳಿದರೆ ಆ ದುಡ್ಡು ಕೊಡಬೇಡಿ. ಬದಲಿಗೆ ವಾರಂಟಿ ಎಷ್ಟು ವರ್ಷ, ಅದರಲ್ಲಿ ಬೋರ್ಡ್ ಸೇರಿದೆಯಾ ಕೇಳಿ.

ಔಟ್‌ಪುಟ್ 230 ವೋಲ್ಟ್, 50 ಹರ್ಟ್ಸ್, ಪ್ಯೂರ್ ಸೈನ್‌ವೇವ್ (ಲೈನಿನ ಕರೆಂಟಿನಂತೆಯೇ ನಯವಾದ ಅಲೆ) ಇರಬೇಕು. ವಿದೇಶದಿಂದ ನೆಂಟರು ತಂದುಕೊಟ್ಟ 110 ವೋಲ್ಟಿನದ್ದು ನಮ್ಮ ಮನೆಗೆ ಉಪಯೋಗಕ್ಕೆ ಬಾರದು. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಕೆಳಗೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ, ಯಾವ ವಸ್ತುವಿಗೆ ಯಾರ ಹೆಸರಿನಲ್ಲಿ ನೋಂದಣಿ ಆಗಿದೆ ನೋಡಿ. ಚಾರ್ಜರಿನ ನಂಬರ್ ತೋರಿಸಿ ಇಡೀ ಸ್ಟೇಷನ್ನಿಗೆ ಮಂಜೂರಾತಿ ಇದೆ ಅನ್ನುವವರೂ ಇರುತ್ತಾರೆ.

ಎದುರಾಳಿಗಳು ಯಾರು

ಟ್ಯೂಬ್ಯುಲರ್ ಬ್ಯಾಟರಿಯ (ನೀರು ಹಾಕುವ ಸೀಸದ ಬ್ಯಾಟರಿ) ಇನ್ವರ್ಟರ್ ಇನ್ನೂ ಸೋತಿಲ್ಲ. ಸ್ವಂತ ಮನೆ, ಮೊದಲೇ ಎಳೆದಿರುವ ಇನ್ವರ್ಟರ್ ಲೈನ್, ಮೆಟ್ಟಿಲ ಕೆಳಗೆ ಗಾಳಿಯಾಡುವ ಜಾಗ, ತಿಂಗಳಿಗೊಮ್ಮೆ ಬ್ಯಾಟರಿ ನೀರಿನ ಮಟ್ಟ ನೋಡುವ ಒಬ್ಬರು, ಇಷ್ಟಿದ್ದರೆ ಕೊಟ್ಟ ದುಡ್ಡಿಗೆ ಹೆಚ್ಚು ಹೊತ್ತು ಓಡುವುದು ಅದೇ. ಕೆಟ್ಟರೆ ದಾವಣಗೆರೆಯಲ್ಲೇ ಅದೇ ದಿನ ಬೇರೆ ಬ್ಯಾಟರಿ ಸಿಗುತ್ತದೆ, ಹಳೆಯದಕ್ಕೆ ಸೀಸದ ಬೆಲೆ ಕಳೆದುಕೊಡುತ್ತಾರೆ. ವೋಲ್ಟೇಜ್ ಏರಿಳಿತಕ್ಕೂ ಗಟ್ಟಿ. ಇಕೋ ಮೋಡಿನಲ್ಲಿ 100ರಿಂದ 290 ವೋಲ್ಟಿನವರೆಗೆ ತಡೆದುಕೊಂಡು ಚಾರ್ಜ್ ಆಗುವಂಥವು ಸಾಮಾನ್ಯ.

ಅದರ ದೊಡ್ಡ ಸೋಲು ಚಾರ್ಜಿಂಗಿನಲ್ಲಿ. ಪೂರ್ತಿ ಇಳಿದ 150 ಎಎಚ್ ಬ್ಯಾಟರಿ ತುಂಬಲು 10ರಿಂದ 12 ಗಂಟೆ. ಎರಡು ಗಂಟೆ ಇದ್ದು ಎರಡು ಗಂಟೆ ಹೋಗುವ ಬೇಸಿಗೆಯಲ್ಲಿ ಅದು ಎಂದೂ ತುಂಬುವುದೇ ಇಲ್ಲ, ಅರೆಹೊಟ್ಟೆಯಲ್ಲೇ ದಿನ ದೂಡಿ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿಯೇ ಹಾಳಾಗುತ್ತದೆ. ಬಿಸಿ ಇನ್ನೊಂದು ಶತ್ರು. 10 ಡಿಗ್ರಿ ಹೆಚ್ಚಾದರೆ ಆಯುಷ್ಯ ಅರ್ಧ ಅನ್ನುವುದು ಸೀಸದ ಬ್ಯಾಟರಿಯ ಹಳೆಯ ಲೆಕ್ಕ. ತಗಡಿನ ಶೆಡ್ಡಿನಲ್ಲಿಟ್ಟ ಬ್ಯಾಟರಿ ಬೇಗ ಸಾಯುವುದು ಇದಕ್ಕೇ.

ಪವರ್ ಸ್ಟೇಷನ್ ಗೆಲ್ಲುವುದು ಇಲ್ಲೇ. ಒಂದು ಕಿಲೋವ್ಯಾಟ್-ಅವರ್‌ನದ್ದು ಒಂದರಿಂದ ಎರಡು ಗಂಟೆಯಲ್ಲಿ ತುಂಬುತ್ತದೆ. ತೂಕ 11ರಿಂದ 14 ಕಿಲೋ, ಒಬ್ಬರೇ ಎತ್ತಿಕೊಂಡು ಮಹಡಿ ಹತ್ತಬಹುದು. 150 ಎಎಚ್ ಟ್ಯೂಬ್ಯುಲರ್ 50 ಕಿಲೋ ದಾಟುತ್ತದೆ, ಜತೆಗೆ ಆಸಿಡ್. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯುವಂತಿಲ್ಲ, ವರ್ಷಕ್ಕೊಮ್ಮೆ ಮನೆ ಬದಲಿಸಬೇಕು ಅನ್ನುವವರಿಗೆ ಇದೇ ಅನುಕೂಲ. ದಾವಣಗೆರೆಯ ವಿದ್ಯಾನಗರ ಸುತ್ತ ರೂಮು ಮಾಡಿಕೊಂಡಿರುವ ವಿದ್ಯಾರ್ಥಿಗಳಿಗಂತೂ ಅರ್ಧ ಕಿಲೋವ್ಯಾಟ್-ಅವರ್‌ನದ್ದೇ ಸಾಕು.

ಸೋಲುವುದು ಬೆಲೆಯಲ್ಲಿ ಮತ್ತು ರಿಪೇರಿಯಲ್ಲಿ. ಒಳಗಿನ ಬೋರ್ಡ್ ನಮ್ಮೂರ ಎಲೆಕ್ಟ್ರಿಷಿಯನ್ ಬಿಚ್ಚುವಂಥದ್ದಲ್ಲ. ಕೆಟ್ಟರೆ ಬೆಂಗಳೂರಿಗೋ ಇನ್ನೂ ಆಚೆಗೋ ಹೋಗಬೇಕು, ಅಷ್ಟು ದೊಡ್ಡ ಲಿಥಿಯಂ ಬ್ಯಾಟರಿಯನ್ನು ವಿಮಾನದ ಕೊರಿಯರ್ ಒಯ್ಯುವುದಿಲ್ಲ, ರಸ್ತೆಯಲ್ಲೇ ಕಳಿಸಬೇಕು. ಮನೆಗೇ ಬಂದು ಒಯ್ಯುತ್ತಾರಾ ಅಂತ ಕೊಳ್ಳುವ ಮುಂಚೆ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ಇವೆರಡರ ನಡುವೆ ಗೋಡೆಗೆ ನೇತುಹಾಕುವ ಲಿಥಿಯಂ ಇನ್ವರ್ಟರ್ ಇದೆ. ಒಳಗೇ ಬ್ಯಾಟರಿ, ನೀರು ಹಾಕುವ ಗೋಜಿಲ್ಲ, ಮನೆಯ ಇನ್ವರ್ಟರ್ ಲೈನಿಗೆ ನೇರ ಕೂರುತ್ತದೆ. ಸ್ವಂತ ಮನೆಯಿದ್ದು ಟ್ಯೂಬ್ಯುಲರ್ ಬೇಡ ಅನ್ನುವವರು ಪವರ್ ಸ್ಟೇಷನ್ನಿಗಿಂತ ಮೊದಲು ಇದನ್ನು ನೋಡಬೇಕು. ಎತ್ತಿಕೊಂಡು ಓಡಾಡುವ ಅಗತ್ಯವೇ ಇಲ್ಲದಿದ್ದರೆ ಆ ಹಿಡಿಕೆಗೆ ದುಡ್ಡು ಕೊಡುವುದು ಯಾಕೆ?

ಪೆಟ್ರೋಲ್ ಜನರೇಟರ್ ಮನೆಗೆ ಬೇಡ. ಲೀಟರಿಗೆ ಒಂದೂವರೆ, ಎರಡು ಯೂನಿಟ್ ಬಂದರೆ ಹೆಚ್ಚು. ಸದ್ದು ಬೇರೆ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುವುದರಿಂದ ಒಳಾಂಗಣ, ಪಡಸಾಲೆ, ಅಂಗಡಿಯ ಶಟರಿನ ಒಳಗೆ ಓಡಿಸಿದರೆ ಜೀವವೇ ಹೋದೀತು. ಇನ್ನು ರೌಟರ್ ಒಂದಕ್ಕೇ ಬ್ಯಾಕಪ್ ಬೇಕಾದವರು ಇದ್ಯಾವುದನ್ನೂ ಕೊಳ್ಳಬೇಡಿ, 12 ವೋಲ್ಟಿನ ಪುಟ್ಟ ರೌಟರ್ ಯುಪಿಎಸ್ ಸಿಗುತ್ತದೆ.

ತಂದ ಮೇಲೆ ಪರೀಕ್ಷೆ, ವಾಪಸ್ ಅವಧಿಯೊಳಗೆ

ಆನ್‌ಲೈನಿನಲ್ಲಿ ತರಿಸಿದರೆ ವಾಪಸ್ ಕೊಡುವ ಅವಧಿ ಸಾಮಾನ್ಯವಾಗಿ 7ರಿಂದ 10 ದಿನ. ಡಬ್ಬ, ಥರ್ಮಾಕೋಲ್ ಬಿಸಾಡಬೇಡಿ. ಬೇಕಾದ ಸಾಮಾನು: 16 ಆಂಪಿಯರ್ ಪ್ಲಗ್‌ನ ವ್ಯಾಟ್ ಮೀಟರ್ ಒಂದು, ನಾಲ್ಕು ಹೋಲ್ಡರ್ ಇರುವ ಬೋರ್ಡ್, 100 ವ್ಯಾಟಿನ ಹಳೇ ಗುಂಡು ಬಲ್ಬ್ ನಾಲ್ಕು. ಕೋಳಿಮರಿಗೆ ಕಾವು ಕೊಡಲು ಇವನ್ನು ಇನ್ನೂ ಬಳಸುವುದರಿಂದ ಹುಡುಕಿದರೆ ಸಿಗುತ್ತವೆ. ಇಸ್ತ್ರಿಪೆಟ್ಟಿಗೆ ಹಾಕಿ ಪರೀಕ್ಷೆ ಮಾಡಬೇಡಿ. ಅದರ ಥರ್ಮೋಸ್ಟಾಟ್ ಬಂದು ಹೋಗಿ ಮಾಡುವುದರಿಂದ ಲೋಡ್ ಒಂದೇ ಸಮ ಇರುವುದಿಲ್ಲ.

ಮೊದಲು ಪೂರ್ತಿ ಚಾರ್ಜ್ ಮಾಡಿ, ಗೋಡೆಯಿಂದ ಎಷ್ಟು ಯೂನಿಟ್ ಎಳೆಯಿತು ಅಂತ ಮೀಟರಿನಲ್ಲಿ ಬರೆದಿಟ್ಟುಕೊಳ್ಳಿ. ಬಂದ ದಿನ ಅದರಲ್ಲಿ ಅಲ್ಪಸ್ವಲ್ಪ ಚಾರ್ಜ್ ಇರುವುದರಿಂದ ಮೊದಲ ಲೆಕ್ಕ ಹಿಡಿಯಬೇಡಿ, ಒಮ್ಮೆ ಖಾಲಿ ಮಾಡಿ ತುಂಬಿಸಿದ್ದು ನಿಜವಾದ ಲೆಕ್ಕ. 1024 ವ್ಯಾಟ್-ಅವರ್‌ನ ಸ್ಟೇಷನ್ 1.15 ಯೂನಿಟ್ ಆಸುಪಾಸು ಎಳೆಯಬೇಕು.

ಆಮೇಲೆ ಗೋಡೆಯಿಂದ ಕಿತ್ತು, ಸ್ಟೇಷನ್ನಿನ ಎಸಿ ಸಾಕೆಟ್ಟಿಗೆ ಮೀಟರ್, ಮೀಟರಿಗೆ ಬಲ್ಬ್ ಬೋರ್ಡ್. ನಾಲ್ಕೂ ಬಲ್ಬ್ ಹಾಕಿ, ತಾನಾಗಿ ಆರುವವರೆಗೆ ಬಿಡಿ. ಎರಡು ಗಂಟೆ ಚಿಲ್ಲರೆ ಆಗುತ್ತದೆ. ಸ್ಟೇಷನ್ನಿನ ಪರದೆಯ ಶೇಕಡಾವಾರು ನಂಬಬೇಡಿ, ಮೀಟರಿನ ವ್ಯಾಟ್-ಅವರ್ ನೋಡಿ. 870ರಿಂದ 900 ಬಂದರೆ ಒಳ್ಳೆಯದು. 820ಕ್ಕಿಂತ ಕೆಳಗಿದ್ದರೆ ಇನ್ನೊಂದು ಸಲ ಮಾಡಿ, ಮತ್ತೂ ಅಷ್ಟೇ ಬಂದರೆ ವಾಪಸ್. ಬೆಲೆಯನ್ನು ಈ ಅಂಕಿಯಿಂದ ಭಾಗಿಸಿದರೆ ಮಾತ್ರ ಎರಡು ಮಾಡೆಲ್ ನಡುವೆ ನ್ಯಾಯವಾದ ಹೋಲಿಕೆ ಸಿಗುವುದು. 1024 ಅಂತ ಬರೆದು 800 ಕೊಡುವುದಕ್ಕಿಂತ 960 ಅಂತ ಬರೆದು 840 ಕೊಡುವುದು ವಾಸಿ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ನಿಜವಾದ ವ್ಯತ್ಯಾಸ ಕಾಣುವುದು ಸಣ್ಣ ಲೋಡಿನಲ್ಲಿ. ಎಸಿ ಬಟನ್ ಒತ್ತಿದ ಕ್ಷಣದಿಂದ, ಏನೂ ಜೋಡಿಸದಿದ್ದರೂ, ಒಳಗಿನ ಇನ್ವರ್ಟರ್ 10ರಿಂದ 25 ವ್ಯಾಟ್ ತಾನೇ ತಿನ್ನುತ್ತಿರುತ್ತದೆ. ಒಂದು ಬಿಎಲ್‌ಡಿಸಿ ಫ್ಯಾನ್, ಒಂದು ಬಲ್ಬ್, ರೌಟರ್ ಅಂದರೆ 51 ವ್ಯಾಟ್. ಸ್ವಂತ ಖರ್ಚು 15 ಇದ್ದರೆ, ಉಳಿದ ಚಿಲ್ಲರೆ ನಷ್ಟವೂ ಸೇರಿ ಬ್ಯಾಟರಿಯಿಂದ ಹೋಗುವುದು 70ರ ಹತ್ತಿರ. ಸುಮಾರು 14 ಗಂಟೆ ಓಡಿ, ನಿಮ್ಮ ಕೈಗೆ ಸಿಗುವುದು 714 ವ್ಯಾಟ್-ಅವರ್ ಅಷ್ಟೇ. ದೊಡ್ಡ ಲೋಡಿಗೆ ಶೇ. 87 ಕೊಟ್ಟ ಯಂತ್ರ ಸಣ್ಣ ಲೋಡಿಗೆ ಶೇ. 70ಕ್ಕೆ ಇಳಿಯಿತು. ನಮ್ಮ ಮನೆಗಳಲ್ಲಿ ರಾತ್ರಿ ಇರುವುದು ಇದೇ ಸಣ್ಣ ಲೋಡ್. ಆದ್ದರಿಂದ 2000 ವ್ಯಾಟಿನ ದೊಡ್ಡ ಇನ್ವರ್ಟರ್ ಇರುವ ಮಾಡೆಲ್ ‘ಇರಲಿ ಬಿಡು’ ಅಂತ ತಂದರೆ ಅದರ ಸ್ವಂತ ಹಸಿವೂ ದೊಡ್ಡದೇ ಆಗಿರುತ್ತದೆ. ಪರೀಕ್ಷೆ ಸುಲಭ: ಪೂರ್ತಿ ಚಾರ್ಜ್ ಮಾಡಿ, ಏನೂ ಜೋಡಿಸದೆ ಎಸಿ ಆನ್ ಇಟ್ಟು 10 ಗಂಟೆ ಬಿಡಿ. ಶೇ. 15ಕ್ಕಿಂತ ಹೆಚ್ಚು ಇಳಿದಿದ್ದರೆ ರಾತ್ರಿ ಬಳಕೆಗೆ ದುಬಾರಿ ಯಂತ್ರ.

ರೌಟರನ್ನು 12 ವೋಲ್ಟಿನ ಡಿಸಿ ಔಟ್‌ಪುಟ್‌ನಿಂದಲೇ ಓಡಿಸಿದರೆ ಈ ನಷ್ಟ ಇಲ್ಲ. ರೌಟರ್ ಒಂದೇ ಇದ್ದರೆ ಎಸಿಯಲ್ಲಿ ಒಂದೂವರೆ ದಿನ, ಡಿಸಿಯಲ್ಲಿ ಎರಡೂವರೆ ಮೂರು ದಿನ. ಅಡಾಪ್ಟರಿನ ಮೇಲೆ 12 ವೋಲ್ಟ್ ಅಂತಲೇ ಇದೆಯಾ, ಪಿನ್ನಿನ ಒಳಗೆ ಪ್ಲಸ್ ಇದೆಯಾ ನೋಡಿ ಜೋಡಿಸಿ.

ಸ್ಟೇಷನ್ನಿನಲ್ಲೂ ಇಕೋ ಮೋಡ್ ಅನ್ನುವುದೊಂದು ಇರುತ್ತದೆ, ಇನ್ವರ್ಟರಿನದಕ್ಕಿಂತ ಬೇರೆ. ಸಣ್ಣ ಲೋಡ್ ಇದ್ದರೆ ‘ಯಾರೂ ಬಳಸುತ್ತಿಲ್ಲ’ ಅಂದುಕೊಂಡು ಎಸಿ ಆಫ್ ಮಾಡಿಬಿಡುತ್ತದೆ. ನಡುರಾತ್ರಿ ರೌಟರ್ ಸಾಯುವುದು ಇದರಿಂದ. ಉಸಿರಾಟದ ಯಂತ್ರ ಇಟ್ಟುಕೊಂಡಿರುವ ಮನೆಯಲ್ಲಿ ಇದನ್ನು ಆಫ್ ಮಾಡಿಯೇ ಇಡಬೇಕು.

ಸ್ವಿಚ್‌ಓವರ್, ಅಂದರೆ ಕರೆಂಟ್ ಹೋದಾಗ ಸ್ಟೇಷನ್ ಲೈನಿನಿಂದ ಬ್ಯಾಟರಿಗೆ ತಿರುಗುವುದು, ಅದರ ಪರೀಕ್ಷೆಯಲ್ಲಿ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ. ಗೋಡೆಯ ಸ್ವಿಚ್ ಆಫ್ ಮಾಡಿ, ಕಂಪ್ಯೂಟರ್ ಆರಲಿಲ್ಲ ಅಂತ ಖುಷಿಪಡುತ್ತಾರೆ. ನಿಜವಾಗಿ ಕರೆಂಟ್ ಹೋಗುವಾಗ ವೋಲ್ಟೇಜ್ ಹೀಗೆ ಕತ್ತರಿಸಿದಂತೆ ಇಳಿಯುವುದಿಲ್ಲ. ಲೈನಿನಲ್ಲಿ ತಿರುಗುತ್ತಿರುವ ಫ್ರಿಜ್, ಮೋಟರ್‌ಗಳು ಒಂದಷ್ಟು ಕ್ಷಣ ವೋಲ್ಟೇಜನ್ನು ಎಳೆದಾಡಿಸುತ್ತವೆ, ಸ್ಟೇಷನ್ನಿಗೆ ಗೊತ್ತಾಗುವುದು ತಡವಾಗುತ್ತದೆ. ಹಾಗಾಗಿ ಫ್ರಿಜ್ ಮತ್ತು ಎರಡು ಫ್ಯಾನ್ ಓಡುತ್ತಿರುವಾಗ ಮನೆಯ ಮೇನ್ ಎಂಸಿಬಿಯನ್ನೇ (ಮೀಟರಿನ ಪಕ್ಕದ ಮುಖ್ಯ ಟ್ರಿಪ್ ಸ್ವಿಚ್) ಇಳಿಸಿ ನೋಡಿ, ಐದಾರು ಸಲ. ಡೆಸ್ಕ್‌ಟಾಪ್ ಕಂಪ್ಯೂಟರಿನ ಪವರ್ ಸಪ್ಲೈ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳುತ್ತದೆ. 10 ಮಿಲಿಸೆಕೆಂಡಿನಲ್ಲಿ ತಿರುಗುವ ಸ್ಟೇಷನ್ ಪಾಸು, 30ರದು ಫೇಲ್ ಆಗುವ ಸಂಭವವೇ ಹೆಚ್ಚು.

ಡಿಮ್ ಕರೆಂಟಿನ ಪರೀಕ್ಷೆ ಹಳ್ಳಿಗಳಿಗೆ ಮುಖ್ಯ. ಜಗಳೂರು, ಮೊಳಕಾಲ್ಮೂರು ಕಡೆ ಸಂಜೆ ಹೊತ್ತು ವೋಲ್ಟೇಜ್ 170, 180ಕ್ಕೆ ಇಳಿಯುವ ಊರಿನ ತುದಿಯ ಮನೆಗಳಲ್ಲಿ ಕೆಲವು ಸ್ಟೇಷನ್‌ಗಳು ಚಾರ್ಜೇ ತೆಗೆದುಕೊಳ್ಳುವುದಿಲ್ಲ. ಇನ್ನು ಕೆಲವು ಬ್ಯಾಟರಿಗೆ ತಿರುಗದೆ ಅದೇ ಸೊರಗಿದ ವೋಲ್ಟೇಜನ್ನು ನಿಮ್ಮ ಉಪಕರಣಕ್ಕೂ ದಾಟಿಸುತ್ತವೆ. ಇನ್‌ಪುಟ್ ವೋಲ್ಟೇಜಿನ ಕನಿಷ್ಠ ಮಿತಿ ಪುಸ್ತಿಕೆಯಲ್ಲಿರುತ್ತದೆ. ಸಂಜೆ 7ರ ಹೊತ್ತಿಗೆ ನಿಮ್ಮ ಮನೆಯ ವೋಲ್ಟೇಜ್ ಅಳೆದು ಅದರ ಪಕ್ಕ ಇಟ್ಟು ನೋಡಿ.

ಕೊನೆಗೆ ಬಿಸಿಲು. ಮಧ್ಯಾಹ್ನ 2ಕ್ಕೆ, ಮನೆಯ ಅತಿ ಬಿಸಿ ಕೋಣೆಯಲ್ಲಿ, ಫಾಸ್ಟ್ ಚಾರ್ಜಿಗೆ ಹಾಕಿ. 1000 ವ್ಯಾಟಿನಿಂದ ಶುರುವಾದದ್ದು ಅರ್ಧ ಗಂಟೆಯಲ್ಲಿ 300ಕ್ಕೆ ಇಳಿದರೆ ಯಂತ್ರ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ ಅಂತ ಅರ್ಥ. ಹೆಚ್ಚಿನವು 45 ಡಿಗ್ರಿ ಹತ್ತಿರ ಚಾರ್ಜ್ ನಿಲ್ಲಿಸುತ್ತವೆ. ಏಪ್ರಿಲಿನಲ್ಲಿ ಶೀಟಿನ ಮನೆಯ ಒಳಗೆ ಅಷ್ಟಾಗುವುದು ದೊಡ್ಡ ಮಾತಲ್ಲ. ನೆಲದ ಮೇಲೆ, ಎರಡೂ ಬದಿ ಒಂದೊಂದು ಗೇಣು ಬಿಟ್ಟು ಇಡಿ. ಸಜ್ಜದ ಮೇಲೆ ಬೇಡ. ಫಾಸ್ಟ್ ಚಾರ್ಜನ್ನು 6 ಆಂಪಿಯರ್ ಸಾಕೆಟ್ಟಿಗೆ ಹಾಕಲೂಬೇಡಿ: 1200 ವ್ಯಾಟ್ ಅಂದರೆ 190 ವೋಲ್ಟಿನಲ್ಲಿ 6 ಆಂಪಿಯರ್ ದಾಟಿತು, ಪ್ಲಗ್ ಮುಟ್ಟಿದರೆ ಸುಡುತ್ತಿರುತ್ತದೆ. 16 ಆಂಪಿಯರ್ ಪಾಯಿಂಟಿಗೆ ಕೊಡಿ, ಇಲ್ಲವೇ ಆ್ಯಪ್‌ನಲ್ಲಿ ಚಾರ್ಜಿಂಗ್ ವೇಗ 400ಕ್ಕೆ ಇಳಿಸಿ.

ಮನೆಯ ಲೈನಿಗೆ ಜೋಡಿಸುವ ಆಸೆ

ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿಸಿ, ಸ್ಟೇಷನ್ನಿನಿಂದ ಗೋಡೆಯ ಸಾಕೆಟ್ಟಿಗೆ ಚುಚ್ಚಿ ಇಡೀ ಮನೆ ಬೆಳಗಿಸುವ ಐಡಿಯಾ ಕೊಡುವವರು ಎಲ್ಲ ಓಣಿಯಲ್ಲೂ ಒಬ್ಬರು ಇರುತ್ತಾರೆ. ಮೇನ್ ಇಳಿಸಲು ಮರೆತರೆ ಆ ಕರೆಂಟ್ ಟಿಸಿ ದಾಟಿ ಲೈನಿಗೆ ಏರುತ್ತದೆ, ಕಂಬದ ಮೇಲಿರುವ ಲೈನ್‌ಮನ್ ಸಾಯುತ್ತಾನೆ. ಬೆಸ್ಕಾಂ ಕರೆಂಟ್ ವಾಪಸ್ ಬಂದ ಕ್ಷಣ ನಿಮ್ಮ ಸ್ಟೇಷನ್ನೂ ಸುಡುತ್ತದೆ.

ಮಾಡಿಸಲೇಬೇಕಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಎರಡು ಪೋಲಿನ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಫೇಸ್ ಒಂದನ್ನೇ ಬದಲಿಸುವ ಸ್ವಿಚ್ ಸಾಲದು. ನಮ್ಮ ಕಡೆ ಬಹಳ ಮನೆಗಳಲ್ಲಿ ಇನ್ವರ್ಟರ್ ಲೈನಿನ ನ್ಯೂಟ್ರಲ್ ಮನೆಯ ನ್ಯೂಟ್ರಲ್ ಜತೆ ಸೇರಿಕೊಂಡಿರುತ್ತದೆ. ಸ್ಟೇಷನ್ನಿನ ನ್ಯೂಟ್ರಲ್ ಮಾತ್ರ ಯಾವುದಕ್ಕೂ ಕಟ್ಟಿಕೊಂಡಿರುವುದಿಲ್ಲ. ಟೆಸ್ಟರ್ ಇಟ್ಟರೆ ಎರಡೂ ತೂತಿನಲ್ಲಿ ಮಂಕಾಗಿ ಉರಿಯುವುದು ಅದಕ್ಕೇ, ಕೆಟ್ಟಿದೆ ಅಂತಲ್ಲ. ಇದರದೇ ಇನ್ನೊಂದು ಪರಿಣಾಮ: ಮನೆಯ ಆರ್‌ಸಿಸಿಬಿ (ಶಾಕ್ ತಡೆಯುವ ಟ್ರಿಪ್ ಸ್ವಿಚ್) ಸ್ಟೇಷನ್ನಿನ ಮೇಲೆ ಓಡುವಾಗ ಕಾಪಾಡುತ್ತದೆ ಅಂತ ನಂಬಿಕೊಳ್ಳುವಂತಿಲ್ಲ. ಇಷ್ಟೆಲ್ಲ ಯಾಕೆ ಅನ್ನುವವರು ಒಂದು ಒಳ್ಳೆಯ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದುಕೊಂಡು ಟೇಬಲ್ ಫ್ಯಾನ್, ಟಿವಿ, ರೌಟರ್ ಹಾಕಿಕೊಂಡರೆ ಸುಖವಾಗಿರುತ್ತಾರೆ.

ಸೋಲಾರ್

ಚಾವಣಿಯ ಮೇಲೆ ಗ್ರಿಡ್‌ಗೆ ಜೋಡಿಸಿದ ಸೋಲಾರ್ ಇದೆ, ಬ್ಯಾಕಪ್ ಬೇಡ ಅಂದುಕೊಂಡಿದ್ದರೆ ತಪ್ಪು. ಲೈನ್‌ಮನ್ ರಕ್ಷಣೆಗಾಗಿ ಅವು ಕರೆಂಟ್ ಹೋದ ತಕ್ಷಣ ತಾವೂ ನಿಲ್ಲುತ್ತವೆ, ಬಿಸಿಲು ಎಷ್ಟೇ ಇರಲಿ.

ಸ್ಟೇಷನ್ನಿಗೆ ನೇರ ಪ್ಯಾನೆಲ್ ಕೊಡುವಾಗ ನೋಡಬೇಕಾದದ್ದು ವೋಲ್ಟೇಜ್. 540 ವ್ಯಾಟಿನ ಒಂದು ಪ್ಯಾನೆಲ್‌ನ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನೂ ಜೋಡಿಸದಿರುವಾಗಿನದು) 50ರ ಹತ್ತಿರ, ಡಿಸೆಂಬರಿನ ತಣ್ಣನೆಯ ಬೆಳಿಗ್ಗೆ ಇನ್ನೂ ಒಂದೆರಡು ಹೆಚ್ಚು. ಸ್ಟೇಷನ್ನಿನ ಮಿತಿ 60 ಇದ್ದರೆ ಒಂದೇ ಪ್ಯಾನೆಲ್. ಎರಡನ್ನು ಸೀರೀಸ್ (ಒಂದರ ಹಿಂದೊಂದು) ಮಾಡಿದರೆ 100 ವೋಲ್ಟ್, ಪೋರ್ಟ್ ಸುಟ್ಟಿತು, ವಾರಂಟಿಯೂ ಇಲ್ಲ. ಮಿತಿ 30 ವೋಲ್ಟ್ ಇರುವ ಸಣ್ಣ ಸ್ಟೇಷನ್ನಿಗೆ ಆ ಒಂದು ಪ್ಯಾನೆಲ್ಲೂ ಆಗದು. ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ, ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ: ಮಿತಿ 10 ಆಂಪಿಯರ್ ಆದರೆ 540ರ ಪ್ಯಾನೆಲ್‌ನಿಂದ 400ರಷ್ಟು ಸಿಗುತ್ತದೆ.

ಯಾವ ಮನೆಗೆ ಯಾವುದು

ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟದ ಮನೆಗಳು ಪಂಪ್‌ಸೆಟ್ ಫೀಡರಿನ ಮೇಲಿದ್ದರೆ ಕರೆಂಟ್ ಬರುವ ಹೊತ್ತು ಕಡಿಮೆ, ಹೋಗುವ ಹೊತ್ತೇ ಹೆಚ್ಚು. ಅಂಥಲ್ಲಿ ಬೇಗ ತುಂಬುವುದು ಮುಖ್ಯ. ಸ್ಟೇಷನ್ ಜತೆ ಒಂದು ಪ್ಯಾನೆಲ್, ಅಥವಾ ಸೋಲಾರ್ ಇನ್‌ಪುಟ್ ಇರುವ ಲಿಥಿಯಂ ಇನ್ವರ್ಟರ್. ಬೋರ್‌ವೆಲ್ ಮೋಟರ್ ಆಸೆ ಬೇಡ.

ಮೊಳಕಾಲ್ಮೂರಿನ ಕೈಮಗ್ಗದ ಮನೆಗೆ ಬೇಕಾದದ್ದು ಮಗ್ಗದ ಮೇಲಿನ ಎರಡು ಬಲ್ಬ್, ಒಂದು ಬಿಎಲ್‌ಡಿಸಿ ಫ್ಯಾನ್. 300 ವ್ಯಾಟ್-ಅವರ್‌ನ ಸಣ್ಣದೇ ಅರ್ಧ ದಿನದ ಕೆಲಸ ನಡೆಸುತ್ತದೆ. ಜೆರಾಕ್ಸ್ ಅಂಗಡಿ, ಗ್ರಾಮ ಒನ್ ಕೇಂದ್ರಗಳಲ್ಲಿ ಕಂಪ್ಯೂಟರ್ ಸುಲಭ, ಲೇಸರ್ ಪ್ರಿಂಟರ್ ಕಷ್ಟ. ಅದರ ಫ್ಯೂಸರ್ (ಶಾಯಿಪುಡಿಯನ್ನು ಕಾಯಿಸಿ ಹಾಳೆಗೆ ಅಂಟಿಸುವ ಭಾಗ) ಬಿಸಿಯಾಗುವಾಗ 800ರಿಂದ 1200 ವ್ಯಾಟ್ ಜಿಗಿಯುತ್ತದೆ. ಇಂಕ್ ಟ್ಯಾಂಕ್ ಪ್ರಿಂಟರ್ 20 ವ್ಯಾಟಿನೊಳಗೆ ಮುಗಿಸುತ್ತದೆ. ದೋಸೆ ಹೋಟೆಲಿನ ಗ್ರೈಂಡರ್‌ಗೆ ಸ್ಟೇಷನ್ ಅಲ್ಲವೇ ಅಲ್ಲ. ‘ಪವರ್ ಬೂಸ್ಟ್’ ಅಂತ ಒಂದು ಸೌಲಭ್ಯ ತೋರಿಸಿ ಮಾರುತ್ತಾರೆ, ಅದು ವೋಲ್ಟೇಜ್ ಇಳಿಸಿ ಕಾಯಿಲ್ ಬಿಸಿ ಮಾಡುವ ಉಪಾಯ ಅಷ್ಟೇ, ಮೋಟರಿಗೆ ಕೊಟ್ಟರೆ ಮೋಟರ್ ಬಿಸಿಯಾಗುತ್ತದೆ.

5 ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ 350 ವ್ಯಾಟ್ ಆಸುಪಾಸು. ಒಂದು ಕಿಲೋವ್ಯಾಟ್-ಅವರ್ ಸ್ಟೇಷನ್ನಿನಲ್ಲಿ ಎರಡೂವರೆ ಗಂಟೆ. ಹಾಗಾಗಿ ಅಂಥ ರೋಗಿ ಇರುವ ಮನೆಯಲ್ಲಿ ಪಕ್ಕದಲ್ಲಿ ಸಿಲಿಂಡರ್ ಇರಲೇಬೇಕು. ನಿದ್ದೆಯಲ್ಲಿ ಬಳಸುವ ಸಿಪ್ಯಾಪ್ ಯಂತ್ರಕ್ಕೆ ಹ್ಯುಮಿಡಿಫೈಯರ್ ಆಫ್ ಮಾಡಿದರೆ ಇಡೀ ರಾತ್ರಿ ಆರಾಮ.

ಗೃಹಜ್ಯೋತಿಯಲ್ಲಿರುವವರು ಒಂದು ಲೆಕ್ಕ ನೆನಪಿಡಿ. ಇನ್ವರ್ಟರ್ ಆಗಲಿ ಸ್ಟೇಷನ್ ಆಗಲಿ, ಸದಾ ಪ್ಲಗ್‌ನಲ್ಲಿದ್ದರೆ 15 ವ್ಯಾಟಿನಂತೆ ತಿಂಗಳಿಗೆ 11 ಯೂನಿಟ್ ಹೋಗುತ್ತದೆ. ಮಿತಿಯ ಅಂಚಿನಲ್ಲಿರುವ ಮನೆಗೆ ಅದು ಸಣ್ಣದಲ್ಲ. ವ್ಯತ್ಯಯದ ಹಿಂದಿನ ರಾತ್ರಿ ಮಾತ್ರ ಚಾರ್ಜಿಗೆ ಹಾಕುವ ಅನುಕೂಲ ಸ್ಟೇಷನ್ನಿಗಿದೆ, ಟ್ಯೂಬ್ಯುಲರ್‌ಗಿಲ್ಲ.

ಇಟ್ಟುಕೊಳ್ಳುವುದು

ಸದಾ ಪ್ಲಗ್‌ನಲ್ಲಿಡುವುದಾದರೆ ಆ್ಯಪ್‌ನಲ್ಲಿ ಮೇಲ್ಮಿತಿ ಶೇ. 85ಕ್ಕೆ ಇಡಿ, ತಿಂಗಳಿಗೊಮ್ಮೆ 100 ಮಾಡಿ. ಈ ಸೆಲ್‌ನ ವೋಲ್ಟೇಜ್ ಮಧ್ಯದಲ್ಲಿ ಒಂದೇ ಸಮ ಇರುವುದರಿಂದ ಪೂರ್ತಿ ತುಂಬಿಸದೆ ಬಹಳ ದಿನ ಬಿಟ್ಟರೆ ಪರದೆಯ ಲೆಕ್ಕ ತಪ್ಪಿ, ಶೇ. 30 ತೋರಿಸುತ್ತಲೇ ದಿಢೀರನೆ ಆಫ್ ಆಗುತ್ತದೆ. ಬಳಸದೆ ಎತ್ತಿಡುವುದಾದರೆ ಶೇ. 50, 60ರಲ್ಲಿ ಇಟ್ಟು ಮೂರು ತಿಂಗಳಿಗೊಮ್ಮೆ ನೋಡಿ. ಗುಡುಗು ಶುರುವಾದರೆ ಗೋಡೆಯಿಂದ ಕಿತ್ತುಬಿಡಿ. ಆಷಾಢದ ಗಾಳಿಗೆ ಚಿತ್ರದುರ್ಗದ ಧೂಳು ಗಾಳಿಕಿಂಡಿಯಲ್ಲಿ ಕೂರುತ್ತದೆ, ಒಣ ಬ್ರಷ್‌ನಿಂದ ತೆಗೆಯಿರಿ, ಒದ್ದೆ ಬಟ್ಟೆ ಬೇಡ.

ಹೊಟ್ಟೆ ಉಬ್ಬಿದ್ದು, ಸಿಹಿಯಾದ ಕೆಮಿಕಲ್ ವಾಸನೆ ಬಂದದ್ದು ಕಂಡರೆ ಚಾರ್ಜ್ ಮಾಡದೆ ಮನೆಯಿಂದಾಚೆ ನೆರಳಿನಲ್ಲಿಡಿ. ಗುಜರಿಯವರಿಗೆ ಹಾಕಬೇಡಿ, ಅವರು ಸುತ್ತಿಗೆ ಎತ್ತುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ಸಂಗ್ರಹಿಸುವ ಹೊಣೆ ತಯಾರಿಸಿದವರದು, ಆಮದು ಮಾಡಿದವರದು. ಬಿಲ್ ಜೋಪಾನವಾಗಿದ್ದರೆ ಅವರಿಗೇ ಬರೆಯಿರಿ.